ಹಿಮಬಿರುಗಾಳಿಗೆ ಮೂರು ದಿನ ಮನೆಯೊಳಗೆ: ಅಮೆರಿಕದ ಉತ್ತರದ ಊರುಗಳಿಗೆ ಹೊಸದಾಗಿ ಬಂದವರಿಗೆ

2022ರ ಡಿಸೆಂಬರ್ 23, ಶುಕ್ರವಾರ. ನ್ಯೂಯಾರ್ಕ್ ರಾಜ್ಯದ ಬಫಲೋದಲ್ಲಿ ಯಾರೂ ಗಾಡಿ ರಸ್ತೆಗಿಳಿಸಬಾರದು ಎಂಬ ಆದೇಶ ಜಾರಿಗೆ ಬಂದದ್ದು ಬೆಳಗ್ಗೆ ಒಂಬತ್ತೂವರೆಗೆ. ಅಷ್ಟು ಹೊತ್ತಿಗೆ ಬಹಳ ಜನ ಕೆಲಸಕ್ಕೆ ಹೊರಟಾಗಿತ್ತು. ಆಮೇಲೆ ಹೆಚ್ಚುಕಡಿಮೆ 37 ಗಂಟೆ, ಎದುರು ಮನೆ ಕಾಣದಂಥ ಹಿಮಗಾಳಿ. ವಿಮಾನ ನಿಲ್ದಾಣದ ಬಳಿ ಬಿದ್ದ ಹಿಮ 51.9 ಇಂಚು, ಅಂದರೆ ಸುಮಾರು 132 ಸೆಂಟಿಮೀಟರ್. ಸತ್ತವರು 40ಕ್ಕೂ ಹೆಚ್ಚು.

ಅವರೆಲ್ಲ ಎಲ್ಲಿ, ಹೇಗೆ ಸತ್ತರು ಎಂದು ನೋಡಿದರೆ ಹೊಸಬರು ಕಲಿಯಬೇಕಾದದ್ದರ ಪಟ್ಟಿ ಅಲ್ಲೇ ಸಿಗುತ್ತದೆ. ಕೆಲವರು ಹೂತುಹೋದ ಕಾರಿನೊಳಗೆ, ಕೆಲವರು ಬೀದಿಯಲ್ಲಿ, ಕೆಲವರು ಹೀಟಿಂಗ್ ನಿಂತುಹೋದ ಮನೆಯಲ್ಲಿ, ಕೆಲವರು ಹಿಮ ಬಾಚುವಾಗ ಎದೆ ಹಿಡಿದುಕೊಂಡು, ಇನ್ನು ಕೆಲವರು ಆಂಬುಲೆನ್ಸ್ ತಲುಪಲಾಗದೆ. ಹಿಮಕ್ಕೆ ಚೆನ್ನಾಗಿ ಒಗ್ಗಿದ ಊರಿನ ಕಥೆಯೇ ಇದು. ಈ ಲೇಖನ ಆ ಪಟ್ಟಿಯನ್ನೇ ಹಿಡಿದು ಸಾಗುತ್ತದೆ.

ಮುನ್ಸೂಚನೆ ಓದುವುದು

ಅಮೆರಿಕದ ನ್ಯಾಷನಲ್ ವೆದರ್ ಸರ್ವೀಸ್ ಬಳಸುವ ಮಾತುಗಳಲ್ಲಿ ಎರಡನ್ನು ಬೇರೆ ಮಾಡಿ ನೋಡಲು ಕಲಿಯಿರಿ. 'ವಿಂಟರ್ ಸ್ಟಾರ್ಮ್ ವಾಚ್' ಅಂದರೆ ಬಿರುಗಾಳಿ ಬರುವ ಸಾಧ್ಯತೆ ಇದೆ, ಒಂದೆರಡು ದಿನ ಸಮಯವಿದೆ. 'ವಾರ್ನಿಂಗ್' ಅಂದರೆ ಬಂದೇಬಿಟ್ಟಿತು, ಇಲ್ಲವೇ ಬರುವುದು ಹೆಚ್ಚುಕಡಿಮೆ ಖಚಿತ. ಸಾಮಾನು ತರುವುದೆಲ್ಲ ವಾಚ್ ಬಂದ ದಿನವೇ ಮುಗಿಯಬೇಕು. ವಾರ್ನಿಂಗ್ ಬಂದ ಮೇಲೆ ಅಂಗಡಿಗೆ ಹೋದರೆ ಬ್ರೆಡ್ಡಿನ ಅಟ್ಟವೂ ಖಾಲಿ, ವಾಪಸ್ ಬರುವ ದಾರಿಯೂ ಅನುಮಾನ.

'ಬ್ಲಿಝರ್ಡ್ ವಾರ್ನಿಂಗ್' ಎಂದರೆ ತುಂಬಾ ಹಿಮ ಬೀಳುತ್ತದೆ ಎಂದು ಹೆಚ್ಚಿನವರು ತಿಳಿಯುತ್ತಾರೆ. ಅದರ ವ್ಯಾಖ್ಯೆಯಲ್ಲಿ ಎಷ್ಟು ಇಂಚು ಎಂಬ ಮಾತೇ ಇಲ್ಲ. ಗಾಳಿ ಗಂಟೆಗೆ 35 ಮೈಲಿ (56 ಕಿ.ಮೀ.) ಅಥವಾ ಹೆಚ್ಚು, ಕಣ್ಣಿಗೆ ಕಾಣುವ ದೂರ ಕಾಲು ಮೈಲಿಗಿಂತ (400 ಮೀಟರ್) ಕಡಿಮೆ, ಇದು ಕನಿಷ್ಠ 3 ಗಂಟೆ. ನೆಲದ ಮೇಲೆ ಮೊದಲೇ ಬಿದ್ದಿದ್ದ ಹಿಮವನ್ನು ಗಾಳಿ ಎಬ್ಬಿಸಿದರೂ ಸಾಕು. 1977ರ ಜನವರಿಯಲ್ಲಿ ಇದೇ ಬಫಲೋವನ್ನು ಮುಚ್ಚಿದ ಹಿಮದಲ್ಲಿ ಬಹುಪಾಲು ಹೊಸದಾಗಿ ಬಿದ್ದದ್ದಲ್ಲ, ಹೆಪ್ಪುಗಟ್ಟಿದ್ದ ಈರಿ ಸರೋವರದ ಮೇಲಿಂದ ಗಾಳಿ ಹೊತ್ತು ತಂದು ಸುರಿದದ್ದು. ಹಾಗಾಗಿ ಇಂಚಿನ ಲೆಕ್ಕಕ್ಕಿಂತ ಗಾಳಿಯ ವೇಗವನ್ನು ಮೊದಲು ನೋಡಿ.

ದೊಡ್ಡ ಸರೋವರಗಳ ಪಕ್ಕದ ಊರುಗಳಲ್ಲಿ ಇನ್ನೊಂದು ಪೇಚು. ಬೆಚ್ಚಗಿನ ಸರೋವರದ ಮೇಲೆ ತಣ್ಣನೆಯ ಗಾಳಿ ಹಾಯುವಾಗ ಹುಟ್ಟುವ ಹಿಮ ಕಿರಿದಾದ ಪಟ್ಟಿಯಾಗಿ ಬರುತ್ತದೆ. 2014ರ ನವೆಂಬರಿನಲ್ಲಿ ಬಫಲೋದ ದಕ್ಷಿಣದ ಬಡಾವಣೆಗಳಲ್ಲಿ 5 ಅಡಿಗೂ ಮೇಲೆ ಬಿದ್ದಾಗ ಉತ್ತರದ ಕಡೆ ಬಿದ್ದದ್ದು ಕೆಲವೇ ಇಂಚು. ಆದ್ದರಿಂದ ಊರಿನ ಹೆಸರಿನ ಮುನ್ಸೂಚನೆ ಸಾಲದು. ವೆದರ್ ಸರ್ವೀಸಿನ ತಾಣದಲ್ಲಿ ನಿಮ್ಮ ಜಿಪ್ ಕೋಡ್ ಹಾಕಿ ನೋಡಿ.

ಉಷ್ಣತೆ ಫ್ಯಾರನ್‌ಹೀಟಿನಲ್ಲೇ ಬರುತ್ತದೆ. 32 ಅಂದರೆ ನಮ್ಮ ಸೊನ್ನೆ, 0 ಅಂದರೆ ಮೈನಸ್ 18. ಇವೆರಡು ತಲೆಯಲ್ಲಿದ್ದರೆ ಅಂದಾಜಿಗೆ ಸಾಕು.

ವಾಚ್ ಬಂದ ದಿನದ ಕೆಲಸ

ಲೆಕ್ಕ ಮೂರು ದಿನಕ್ಕೆ. ತಲೆಗೆ ದಿನಕ್ಕೆ 1 ಗ್ಯಾಲನ್, ಅಂದರೆ 3.8 ಲೀಟರ್ ನೀರು. ಸುತ್ತ ಹಿಮವೇ ಇರುವಾಗ ನೀರೇಕೆ ಅನ್ನಿಸಬಹುದು. ಪೈಪು ಹೆಪ್ಪುಗಟ್ಟಿದರೆ ನಲ್ಲಿ ನಿಲ್ಲುತ್ತದೆ, ಎತ್ತರದ ಕಟ್ಟಡದಲ್ಲಿ ಕರೆಂಟು ಹೋದರೆ ಪಂಪೇ ನಿಲ್ಲಬಹುದು. ಇನ್ನು ಹಿಮ ಕರಗಿಸುವ ಮಾತು: ಹಗುರ ಹಿಮವಾದರೆ ಹತ್ತು ಪಾತ್ರೆ ಹಿಮಕ್ಕೆ ಸಿಗುವುದು ಸುಮಾರು ಒಂದು ಪಾತ್ರೆ ನೀರು, ಅದನ್ನೂ ಕುದಿಸದೆ ಕುಡಿಯುವಂತಿಲ್ಲ.

ಊಟಕ್ಕೆ ಬೇಯಿಸದೆ ತಿನ್ನಬಹುದಾದದ್ದೂ ಇರಲಿ. ಡಬ್ಬಿ ಆಹಾರ ತಂದರೆ ಕೈಯಲ್ಲಿ ತಿರುಗಿಸುವ ಕ್ಯಾನ್ ಓಪನರ್ ಮರೆಯಬೇಡಿ. ದಿನಾ ತೆಗೆದುಕೊಳ್ಳುವ ಔಷಧಿ ಒಂದು ವಾರಕ್ಕಾಗುವಷ್ಟು ಇದೆಯೇ ಎಂದು ಎಣಿಸಿ. ಆಂಬುಲೆನ್ಸ್ ಬರಲಾಗದ ದಿನ ಮಾತ್ರೆ ತಪ್ಪಿದರೂ ಕಷ್ಟವೇ. ಟಾರ್ಚ್, ಬ್ಯಾಟರಿ, ಪವರ್ ಬ್ಯಾಂಕ್ ಚಾರ್ಜ್ ಮಾಡಿಟ್ಟುಕೊಳ್ಳಿ. ಮೇಣದಬತ್ತಿ ಬೇಡ, ಅಗ್ನಿಶಾಮಕದವರೂ ಬರಲಾಗದ ದಿನಗಳಿವು.

ಹಿಮ ಬಾಚುವ ಶವೆಲ್ ಗ್ಯಾರೇಜಿನಲ್ಲೋ ಕಾರಿನ ಡಿಕ್ಕಿಯಲ್ಲೋ ಇದ್ದರೆ ಇವತ್ತೇ ಮನೆಯೊಳಗೆ, ಬಾಗಿಲ ಪಕ್ಕಕ್ಕೆ ತನ್ನಿ. ಅಲ್ಲಿನ ಎಷ್ಟೋ ಮನೆಗಳಿಗೆ ಎರಡು ಬಾಗಿಲು: ಒಳಗಿನದು ಒಳಕ್ಕೆ ತೆರೆಯುತ್ತದೆ, ಹೊರಗಿನ ಸ್ಟಾರ್ಮ್ ಡೋರ್ ಹೊರಕ್ಕೆ. ರಾತ್ರಿ ಎರಡಡಿ ಹಿಮ ಒಟ್ಟಿದರೆ ಹೊರಬಾಗಿಲು ಅಲುಗದು, ಶವೆಲ್ ಆಚೆ ಕಡೆ ಉಳಿದಿರುತ್ತದೆ. ಬಿರುಗಾಳಿ ನಡೆಯುವಾಗ ಮೂರು ನಾಲ್ಕು ಗಂಟೆಗೊಮ್ಮೆ ಆ ಬಾಗಿಲನ್ನು ತಳ್ಳಿ, ಹೊಸ್ತಿಲ ಮುಂದೆ ಒಂದು ಹೆಜ್ಜೆ ಜಾಗ ಬಿಡಿಸಿಕೊಂಡರೆ ಸಾಕು.

ಮಂಜುಗಡ್ಡೆ ಕರಗಿಸುವ ಉಪ್ಪು ಕೊಳ್ಳುವಾಗ ಚೀಲದ ಮೇಲೆ ಓದಿ. ಸಾಮಾನ್ಯ ಕಲ್ಲುಪ್ಪು ಸುಮಾರು 15 ಡಿಗ್ರಿ ಫ್ಯಾರನ್‌ಹೀಟ್ (ಮೈನಸ್ 9) ಕೆಳಗೆ ಹೋದರೆ ಕೈಕೊಡುತ್ತದೆ. ಅದಕ್ಕಿಂತ ಚಳಿಗೆ ಕ್ಯಾಲ್ಸಿಯಂ ಕ್ಲೋರೈಡ್ ಇರುವುದೇ ಬೇಕು. ಉಪ್ಪು ಸುರಿದೂ ಜಾರಿ ಬೀಳುವವರಲ್ಲಿ ಬಹಳ ಮಂದಿ ಎಡವುವುದು ಇಲ್ಲೇ.

ಮನೆ ಬೆಚ್ಚಗಿಡುವುದು, ಉಸಿರಾಡಲು ಬಿಡುವುದು

ಹೊಸಬರಿಗೆ ಅಚ್ಚರಿಯಾಗುವ ವಿಷಯ: ಗ್ಯಾಸಿನಲ್ಲಿ ಓಡುವ ಫರ್ನೆಸ್ಸಿಗೂ (ಮನೆ ಕಾಯಿಸುವ ಯಂತ್ರ) ಕರೆಂಟು ಬೇಕು. ಬಿಸಿಗಾಳಿ ತಳ್ಳುವ ಫ್ಯಾನು, ಕಿಡಿ ಹೊತ್ತಿಸುವ ಬೋರ್ಡು, ಥರ್ಮೋಸ್ಟಾಟ್ ಎಲ್ಲವೂ ವಿದ್ಯುತ್ತಿನವು. ಕರೆಂಟು ಹೋದರೆ ಹೀಟಿಂಗೂ ಹೋಯಿತು.

ಕರೆಂಟು ಇದ್ದೂ ಫರ್ನೆಸ್ ನಿಂತರೆ ಮೊದಲು ನೋಡಬೇಕಾದದ್ದು ಹೊರಗೋಡೆ. ಈಚಿನ ಫರ್ನೆಸ್ಸುಗಳ ಹೊಗೆ ಚಿಮಣಿಯಿಂದ ಹೋಗುವುದಿಲ್ಲ. ಗೋಡೆಯ ಕೆಳಭಾಗದಲ್ಲಿ ಬಿಳಿ ಪಿವಿಸಿ ಪೈಪುಗಳೆರಡು ಹೊರಗೆ ಚಾಚಿಕೊಂಡಿರುತ್ತವೆ. ಒಂದು ಗಾಳಿ ಎಳೆದುಕೊಳ್ಳುತ್ತದೆ, ಇನ್ನೊಂದು ಹೊಗೆ ಬಿಡುತ್ತದೆ. ಗಾಳಿ ತಂದ ಹಿಮ ಅವನ್ನು ಮುಚ್ಚಿದರೆ ಫರ್ನೆಸ್ ತಾನೇ ಆಫ್ ಆಗಬಹುದು. ಆಗದಿದ್ದರೆ ಅದು ಇನ್ನೂ ಕೆಟ್ಟದ್ದು, ಕಾರ್ಬನ್ ಮೊನಾಕ್ಸೈಡ್ ಎಂಬ ವಿಷಾನಿಲ ಮನೆಯೊಳಗೆ ತಿರುಗುತ್ತದೆ. ಪೈಪುಗಳು ಎಲ್ಲಿವೆ ಎಂದು ಹಿಮ ಬೀಳುವ ಮೊದಲೇ ನೋಡಿ, ಪಕ್ಕದಲ್ಲಿ ಒಂದು ಕೋಲು ನೆಟ್ಟು ಗುರುತು ಮಾಡಿ. ಬಿರುಗಾಳಿಯ ನಡುವೆ ಹೊರಗೆ ಕಾಲಿಡಲು ಒಪ್ಪಬಹುದಾದ ಕಾರಣಗಳಲ್ಲಿ ಇದೂ ಒಂದು. ಅದೂ ಗೋಡೆ ಹಿಡಿದುಕೊಂಡೇ ಹೋಗಿ ಗೋಡೆ ಹಿಡಿದುಕೊಂಡೇ ಬರುವ ಷರತ್ತಿನಲ್ಲಿ. ಬೆಳ್ಳಗೆ ಕವಿದ ಗಾಳಿಯಲ್ಲಿ ಸ್ವಂತ ಅಂಗಳದಲ್ಲೇ ದಿಕ್ಕು ತಪ್ಪುತ್ತದೆ.

ಕಾರ್ಬನ್ ಮೊನಾಕ್ಸೈಡಿಗೆ ವಾಸನೆ ಇಲ್ಲ, ಬಣ್ಣವಿಲ್ಲ. ತಲೆನೋವು, ತಲೆ ಸುತ್ತು, ಓಕರಿಕೆ, ಚಳಿಗಾಲದ ಜ್ವರದಂತೆಯೇ. ಮನೆಯಲ್ಲಿರುವ ಎಲ್ಲರಿಗೂ ಒಟ್ಟಿಗೆ ಹಾಗಾದರೆ, ಹೊರಗಿನ ಗಾಳಿಗೆ ಬಂದಾಗ ಕಮ್ಮಿಯಾದರೆ, ಜ್ವರವಲ್ಲ. ಹೊರಬಂದು ತುರ್ತು ಸಂಖ್ಯೆ 911ಕ್ಕೆ ಕರೆ ಮಾಡಿ. ಈ ಅನಿಲವನ್ನು ಗುರುತಿಸುವ, ಬ್ಯಾಟರಿಯಲ್ಲಿ ಓಡುವ ಅಲಾರಂ ಮಲಗುವ ಕೋಣೆಗಳ ಹತ್ತಿರ ಇರಲೇಬೇಕು. ಅದರ ಬಟನ್ ಒತ್ತಿ ಪರೀಕ್ಷಿಸಲು ಹತ್ತು ಸೆಕೆಂಡು ಸಾಕು. ಗ್ಯಾಸ್ ಅವನ್ ಬಾಗಿಲು ತೆರೆದು ಮನೆ ಕಾಯಿಸುವುದು, ಇದ್ದಿಲ ಗ್ರಿಲ್ ಒಳಗೆ ತರುವುದು ಬೇಡವೇ ಬೇಡ. ಜನರೇಟರ್ ಇದ್ದರೆ ಕಿಟಕಿ ಬಾಗಿಲುಗಳಿಂದ ಕನಿಷ್ಠ 20 ಅಡಿ ದೂರ ಹೊರಗಿರಬೇಕು. ಗ್ಯಾರೇಜಿನ ಬಾಗಿಲು ತೆರೆದಿಟ್ಟೆವು ಎಂಬ ಸಮಾಧಾನ ಆ ಅನಿಲಕ್ಕೆ ಗೊತ್ತಾಗುವುದಿಲ್ಲ.

ಕರೆಂಟಿನ ಸ್ಪೇಸ್ ಹೀಟರ್ ಬಳಸುವುದಾದರೆ ಒಂದು ಸಣ್ಣ ಲೆಕ್ಕ. ಅಲ್ಲಿನ ವಿದ್ಯುತ್ 120 ವೋಲ್ಟ್. 1500 ವ್ಯಾಟಿನ ಹೀಟರ್ 12.5 ಆಂಪ್ಸ್ ಎಳೆಯುತ್ತದೆ. ಕೋಣೆಯ ಬ್ರೇಕರ್ ಸಾಮಾನ್ಯವಾಗಿ 15 ಆಂಪ್ಸಿನದು. ಅದೇ ಸರ್ಕೀಟಿನಲ್ಲಿ ಎರಡನೇ ಹೀಟರೋ ಕೆಟಲ್ಲೋ ಹಾಕಿದರೆ ಬ್ರೇಕರ್ ಬೀಳುತ್ತದೆ. ಎಕ್ಸ್‌ಟೆನ್ಶನ್ ಬಾಕ್ಸಿಗೆ ಸಿಕ್ಕಿಸಿದರೆ ಬ್ರೇಕರ್ ಬೀಳುವ ಮೊದಲೇ ಬಾಕ್ಸು ಕರಗಬಹುದು. ಗೋಡೆಯ ಸಾಕೆಟ್ಟಿಗೇ ನೇರವಾಗಿ ಹಾಕಿ, ಪರದೆ, ಹಾಸಿಗೆಗಳಿಂದ ಮೂರಡಿ ದೂರವಿಡಿ.

ಹೀಟಿಂಗ್ ಪೂರ್ತಿ ಹೋದರೆ ಇಡೀ ಮನೆಯನ್ನು ಕಾಪಾಡುವ ಆಸೆ ಬಿಡಿ. ಕಿಟಕಿ ಕಡಿಮೆ ಇರುವ ಸಣ್ಣ ಕೋಣೆಯೊಂದಕ್ಕೆ ಎಲ್ಲರೂ ಸೇರಿ, ಬಾಗಿಲ ಕೆಳಗೆ ಟವೆಲ್ ತುರುಕಿ, ಕಿಟಕಿಗೆ ಕಂಬಳಿ ಕಟ್ಟಿ. ನೆಲದ ಮೇಲೆ ನೇರ ಮಲಗಬೇಡಿ, ಕೆಳಗೊಂದು ದಪ್ಪ ಹಾಸು ಬೇಕು. ಫ್ರಿಜ್ ತೆರೆಯದೇ ಇದ್ದರೆ ಒಳಗಿನದು 4 ಗಂಟೆ, ತುಂಬಿದ ಫ್ರೀಜರ್ 48 ಗಂಟೆ ತಾಳುತ್ತದೆ.

ಬಾಡಿಗೆ ಮನೆಯವರಿಗೆ ಒಂದು ಮಾತು. ಹೀಟ್ ಕೊಡುವುದು ಮಾಲೀಕರ ದಯೆಯಲ್ಲ. ನ್ಯೂಯಾರ್ಕ್ ನಗರದಲ್ಲಿ ಅಕ್ಟೋಬರ್ 1ರಿಂದ ಮೇ 31ರವರೆಗೆ, ಬೆಳಗ್ಗೆ 6ರಿಂದ ರಾತ್ರಿ 10ರ ನಡುವೆ ಹೊರಗೆ 55 ಡಿಗ್ರಿ ಫ್ಯಾರನ್‌ಹೀಟಿಗಿಂತ ಕಡಿಮೆ ಇದ್ದರೆ ಒಳಗೆ ಕನಿಷ್ಠ 68 (20 ಸೆಲ್ಸಿಯಸ್) ಇರಬೇಕು, ರಾತ್ರಿ ಕನಿಷ್ಠ 62. ಇಲ್ಲದಿದ್ದರೆ ನಗರಾಡಳಿತದ ಸಹಾಯವಾಣಿ 311ಕ್ಕೆ ದೂರು ಕೊಡಬಹುದು. ದೂರುವ ಮೊದಲು ಕೋಣೆಯ ಉಷ್ಣತೆ, ಗಂಟೆ ಎರಡನ್ನೂ ಬರೆದಿಟ್ಟುಕೊಳ್ಳಿ.

ಪೈಪುಗಳು

ಹೊರಗೆ 20 ಡಿಗ್ರಿ ಫ್ಯಾರನ್‌ಹೀಟ್ (ಮೈನಸ್ 7) ಕೆಳಗಿಳಿದರೆ ಹೊರಗೋಡೆಗೆ ತಾಗಿದ ಪೈಪುಗಳ ಬಗ್ಗೆ ಯೋಚಿಸಬೇಕು. ನೀರು ಗಡ್ಡೆಯಾದಾಗ ಸುಮಾರು 9 ಶೇಕಡಾ ಹಿಗ್ಗುತ್ತದೆ. ಆದರೆ ಪೈಪು ಒಡೆಯುವುದು ಹೆಚ್ಚಾಗಿ ಗಡ್ಡೆ ಕಟ್ಟಿದ ಜಾಗದಲ್ಲಲ್ಲ, ಗಡ್ಡೆಗೂ ಮುಚ್ಚಿದ ನಲ್ಲಿಗೂ ನಡುವೆ ಸಿಕ್ಕಿಕೊಂಡ ನೀರಿನ ಒತ್ತಡಕ್ಕೆ. ನಲ್ಲಿಯನ್ನು ತೊಟ್ಟಿಕ್ಕುವಷ್ಟು ಬಿಡಿ ಎಂದು ಹೇಳುವುದು ಇದಕ್ಕೇ. ಬಿಸಿನೀರು, ತಣ್ಣೀರು ಎರಡೂ ನಲ್ಲಿ ತೊಟ್ಟಿಕ್ಕಲಿ. ಸಿಂಕಿನ ಕೆಳಗಿನ ಕಪಾಟು ತೆರೆದಿಡಿ, ಕೋಣೆಯ ಬಿಸಿ ಒಳಗೆ ಹೋಗಲಿ. ಊರಿಗೆ ಹೋಗುವುದಿದ್ದರೂ ಥರ್ಮೋಸ್ಟಾಟನ್ನು 55 ಡಿಗ್ರಿ ಫ್ಯಾರನ್‌ಹೀಟಿಗಿಂತ ಇಳಿಸಬೇಡಿ.

ಪೈಪಿನಲ್ಲಿ ಗಡ್ಡೆ ಕಟ್ಟಿಯೇಬಿಟ್ಟರೆ ನಲ್ಲಿ ತೆರೆದಿಟ್ಟು, ನಲ್ಲಿಯ ಕಡೆಯಿಂದ ಹಿಂದಕ್ಕೆ ಹೇರ್ ಡ್ರೈಯರ್‌ನಲ್ಲಿ ಕಾಯಿಸುತ್ತಾ ಹೋಗಿ. ಬೆಂಕಿ ಹಿಡಿಯಬೇಡಿ. ಮನೆಯ ಮುಖ್ಯ ವಾಲ್ವ್ ಎಲ್ಲಿದೆ ಎಂದು ಮೊದಲೇ ತಿಳಿದಿರಲಿ. ಒಡೆದದ್ದು ಗೊತ್ತಾಗುವುದು ಗಡ್ಡೆ ಕರಗಿದ ಮೇಲೆ.

ಕಾರು

ಹೊರಡಬೇಡಿ. ಉಳಿದದ್ದು ಈ ಮಾತು ಮೀರಿದವರಿಗೆ, ಮೀರಲೇಬೇಕಾದವರಿಗೆ.

ಟ್ಯಾಂಕ್ ಅರ್ಧಕ್ಕಿಂತ ಕೆಳಗಿಳಿಯಲು ಬಿಡಬೇಡಿ. ಡಿಕ್ಕಿಯಲ್ಲಿ ಸಣ್ಣ ಶವೆಲ್, ಕಂಬಳಿ, ಟಾರ್ಚ್, ನೀರು, ತಿನ್ನಲು ಏನಾದರೂ, ಫೋನ್ ಚಾರ್ಜರ್, ಒಂದು ಗಾಢ ಬಣ್ಣದ ಬಟ್ಟೆ ಇರಲಿ. ಸಿಕ್ಕಿಬಿದ್ದರೆ ಹೀಗೆ ಮಾಡಿ:

1. 911ಕ್ಕೆ ಕರೆ ಮಾಡಿ, ಎಲ್ಲಿದ್ದೀರಿ ಎಂದು ಹೇಳಿ. ಹೆದ್ದಾರಿಯಲ್ಲಾದರೆ ಕೊನೆಯದಾಗಿ ಕಂಡ ಎಕ್ಸಿಟ್ ಸಂಖ್ಯೆ.
2. ಬಟ್ಟೆಯನ್ನು ಆಂಟೆನಾಕ್ಕೋ ಬಾಗಿಲ ಹಿಡಿಗೋ ಕಟ್ಟಿ.
3. ಹೊಗೆಕೊಳವೆಯ ಸುತ್ತ ಹಿಮ ಬಿಡಿಸಿ. ಎಂಜಿನ್ ಪ್ರತಿ ಸಲ ಹಾಕುವ ಮೊದಲೂ ಇದನ್ನು ಮಾಡಲೇಬೇಕು.
4. ಗಂಟೆಗೆ ಸುಮಾರು 10 ನಿಮಿಷ ಮಾತ್ರ ಎಂಜಿನ್ ಹಾಕಿ ಹೀಟರ್ ಬಿಡಿ. ಆಗ ಗಾಳಿ ಬಡಿಯದ ಕಡೆಯ ಕಿಟಕಿಯನ್ನು ಬೆರಳು ತೂರುವಷ್ಟು ಇಳಿಸಿ.
5. ಕೈಕಾಲು ಆಡಿಸುತ್ತಿರಿ. ಇಬ್ಬರಿದ್ದರೆ ಸರದಿಯಲ್ಲಿ ನಿದ್ದೆ.

ಮೂರನೆಯದನ್ನು ಮರೆತರೆ ಏನಾಗುತ್ತದೆ ಎಂಬುದಕ್ಕೆ 1978ರ ಫೆಬ್ರವರಿಯ ಬಾಸ್ಟನ್ ಸಾಕ್ಷಿ. ನಗರವನ್ನು ಸುತ್ತುವ ರೂಟ್ 128ರಲ್ಲಿ 3000ಕ್ಕೂ ಹೆಚ್ಚು ಕಾರುಗಳು ಹೂತುಹೋದವು. ಎಂಜಿನ್ ಹಾಕಿಕೊಂಡು ಬೆಚ್ಚಗೆ ಕೂತ 14 ಮಂದಿ ತಮ್ಮ ಕಾರಿನ ಹೊಗೆಯಿಂದಲೇ ಸತ್ತರು.

ಕಾರು ಬಿಟ್ಟು ನಡೆಯುವುದು ಕಟ್ಟಡವೊಂದು ಕಣ್ಣಿಗೆ ಸ್ಪಷ್ಟವಾಗಿ, ಹತ್ತಿರದಲ್ಲಿ ಕಾಣುತ್ತಿದ್ದರೆ ಮಾತ್ರ. ಅಲ್ಲೇ ಎಲ್ಲೋ ಇರಬೇಕು ಎಂಬ ಅಂದಾಜಿನ ಮೇಲೆ ಇಳಿಯಬೇಡಿ.

ಬಟ್ಟೆ ಮತ್ತು ಮೈ

ಒಂದು ದಪ್ಪ ಕೋಟಿಗಿಂತ ಮೂರು ಪದರ ಬೆಚ್ಚಗೆ. ಮೈಗೆ ತಾಗುವುದು ಉಣ್ಣೆಯದೋ ಸಿಂಥೆಟಿಕ್ ಥರ್ಮಲ್ಲೋ ಆಗಿರಲಿ. ಹತ್ತಿ ಬೆವರು ಹೀರಿ ಒದ್ದೆಯಾಗಿಯೇ ಉಳಿದು ಮೈಯ ಬಿಸಿ ಎಳೆಯುತ್ತದೆ. ಎರಡು ಜೊತೆ ಕಾಲುಚೀಲ ತುರುಕಿ ಬೂಟು ಬಿಗಿಯಾದರೆ ರಕ್ತ ಓಡದೆ ಬೆರಳು ಇನ್ನೂ ತಣ್ಣಗಾಗುತ್ತದೆ. ಐದು ಬೆರಳಿನ ಗ್ಲೌಸಿಗಿಂತ ಬೆರಳೆಲ್ಲ ಒಟ್ಟಿಗಿರುವ ಮಿಟನ್ ಮೇಲು. ಫೋನು ಒಳಜೇಬಿನಲ್ಲಿರಲಿ, ಚಳಿಗೆ ಬ್ಯಾಟರಿ ಸುಳ್ಳು ಹೇಳಿ ಆಫ್ ಆಗುತ್ತದೆ.

ಹೊರಗೆ 0 ಡಿಗ್ರಿ ಫ್ಯಾರನ್‌ಹೀಟ್, ಗಾಳಿ 15 ಮೈಲಿ ವೇಗ ಇದ್ದರೆ ತೆರೆದ ಚರ್ಮ ಅರ್ಧ ಗಂಟೆಯಲ್ಲಿ ಹೆಪ್ಪುಗಟ್ಟಬಹುದು. ಕಿವಿ, ಮೂಗು, ಬೆರಳ ತುದಿ ಬಿಳಚಿ, ಮೇಣದಂತಾಗಿ, ನೋವೇ ಇಲ್ಲವಾದರೆ ಅದು ಶುರುವಾಗಿದೆ. ತಿಕ್ಕಬೇಡಿ, ಹಿಮ ಹಚ್ಚಬೇಡಿ. 37ರಿಂದ 39 ಡಿಗ್ರಿ ಸೆಲ್ಸಿಯಸ್ಸಿನ ಉಗುರುಬೆಚ್ಚಗಿನ ನೀರಿನಲ್ಲಿ ಇಡಿ, ಬಿಸಿಯನ್ನು ಬೇರೆಯವರು ಮೊಣಕೈಯಲ್ಲಿ ಮುಟ್ಟಿ ನೋಡಲಿ, ಮರಗಟ್ಟಿದ ಕೈಗೆ ಸುಟ್ಟರೂ ತಿಳಿಯದು. ಮತ್ತೆ ಚಳಿಗೆ ಹೋಗಬೇಕಾಗುವುದಿದ್ದರೆ ಕರಗಿಸಲೇ ಬೇಡಿ, ಎರಡನೇ ಸಲ ಕಟ್ಟಿದರೆ ಹಾನಿ ಹೆಚ್ಚು.

ನಡುಗುತ್ತಿದ್ದವರು ನಡುಗುವುದು ನಿಲ್ಲಿಸಿ, ತೊದಲುತ್ತಾ, ಗೊಂದಲದಲ್ಲಿ ಮಾತಾಡಿದರೆ ಮೈಯ ಬಿಸಿ 35 ಡಿಗ್ರಿ ಸೆಲ್ಸಿಯಸ್ಸಿಗಿಂತ ಚೆನ್ನಾಗಿಯೇ ಕೆಳಗಿಳಿದಿದೆ ಎಂದರ್ಥ. 911ಕ್ಕೆ ತಿಳಿಸಿ, ಒದ್ದೆ ಬಟ್ಟೆ ತೆಗೆದು, ಮೊದಲು ಎದೆ, ಕತ್ತು, ತೊಡೆಸಂದಿ ಬೆಚ್ಚಗೆ ಮಾಡಿ, ಕೈಕಾಲು ಆಮೇಲೆ. ಮದ್ಯ ಕೊಡಬೇಡಿ.

ಹಿಮ ನಿಂತ ಮೇಲೆ ಬಾಚುವುದು

ಬಿಸಿಲು ಬಂತು, ನೆರೆಯವರೆಲ್ಲ ಶವೆಲ್ ಹಿಡಿದು ಹೊರಗಿದ್ದಾರೆ. ಎದೆನೋವಿನ ಕರೆಗಳು ಬರುವುದು ಈಗಲೇ. ಚಳಿಗೆ ರಕ್ತನಾಳ ಬಿಗಿಯುತ್ತವೆ, ರಕ್ತದೊತ್ತಡ ಏರುತ್ತದೆ, ಅದರ ಮೇಲೆ ಉಸಿರು ಹಿಡಿದು ಭಾರ ಎತ್ತುವ ಕೆಲಸ. ಒದ್ದೆ ಹಿಮ ತುಂಬಿದ ಒಂದು ಶವೆಲ್ 8–10 ಕಿಲೋ ಆಗಬಹುದು. ನೂರು ಸಲ ಎತ್ತಿದರೆ ಒಂದು ಟನ್ ಹತ್ತಿರ. ಹೃದಯದ ತೊಂದರೆ ಇರುವವರು, ವಯಸ್ಸಾದವರು, ವರ್ಷವಿಡೀ ಕುರ್ಚಿಯಲ್ಲೇ ಕೂತು ಕೆಲಸ ಮಾಡುವವರು ಇದನ್ನು ಬೇರೆಯವರಿಗೆ ಬಿಡುವುದೇ ಲೇಸು.

ಮಾಡುವುದಾದರೆ ಎತ್ತುವುದಕ್ಕಿಂತ ತಳ್ಳಿ. ಎತ್ತಲೇಬೇಕಾದರೆ ಅರ್ಧ ಶವೆಲ್ ಮಾತ್ರ, ಮಂಡಿ ಬಗ್ಗಿಸಿ, ಭುಜದ ಮೇಲಿಂದ ಹಿಂದಕ್ಕೆ ಎಸೆಯದೆ. ದೊಡ್ಡ ಬಿರುಗಾಳಿಯಲ್ಲಿ ಗಾಳಿ ಇಳಿದ ಹೊತ್ತಿನಲ್ಲಿ ಆರಾರು ಇಂಚಿಗೊಮ್ಮೆ ಬಾಚಿದರೆ ಕೊನೆಗೆ ಎರಡಡಿಯ ಗೋಡೆ ಎದುರಿಸಬೇಕಾಗಿಲ್ಲ. ಶವೆಲ್ಲಿಗೆ ಹಿಮ ಅಂಟುತ್ತಿದ್ದರೆ ಅಡುಗೆ ಎಣ್ಣೆ ಸವರಿ. ಎದೆ ಬಿಗಿತ, ಎಡಗೈ ಅಥವಾ ದವಡೆಯಲ್ಲಿ ನೋವು, ತಣ್ಣನೆಯ ಬೆವರು ಬಂದರೆ ಅಲ್ಲಿಗೇ ನಿಲ್ಲಿಸಿ 911. ಈ ಸಾಲು ಮುಗಿಸಿ ಬರುತ್ತೇನೆ ಅನ್ನಬೇಡಿ.

ಡ್ರೈವ್‌ವೇ (ರಸ್ತೆಯಿಂದ ಮನೆಗೆ ಕಾರು ಬರುವ ದಾರಿ) ಬಾಚಿ ಮುಗಿಸಿ ಒಳಗೆ ಬಂದು ಕೂತ ಕೂಡಲೇ ರಸ್ತೆಯ ಹಿಮ ತಳ್ಳುವ ನಗರದ ಪ್ಲೌ ಗಾಡಿ ಬಂದು ಅದರ ಬಾಯಿಗೆ ಗಟ್ಟಿ ಹಿಮದ ದಿಣ್ಣೆ ಹಾಕಿ ಹೋಗುತ್ತದೆ. ಬೈದು ಪ್ರಯೋಜನವಿಲ್ಲ, ಆದರೆ ಇದಕ್ಕೊಂದು ಉಪಾಯವಿದೆ. ರಸ್ತೆಗೆ ಮುಖಮಾಡಿ ನಿಲ್ಲಿ. ಅಮೆರಿಕದಲ್ಲಿ ಬಲಗಡೆ ಸಂಚಾರವಾದ್ದರಿಂದ ನಿಮ್ಮ ಬದಿಯ ಪ್ಲೌ ಎಡದಿಂದ ಬಲಕ್ಕೆ ಸಾಗುತ್ತದೆ. ನೀವು ಬಾಚಿದ್ದನ್ನೆಲ್ಲ ಬಲಕ್ಕೇ ಹಾಕಿ. ಎಡಕ್ಕೆ, ಡ್ರೈವ್‌ವೇ ಶುರುವಾಗುವ ಮುಂಚೆ, ರಸ್ತೆಯ ಅಂಚಿನಲ್ಲಿ ಏಳೆಂಟು ಅಡಿ ಉದ್ದದ ಒಂದು ಖಾಲಿ ಜೇಬು ಬಾಚಿ ಬಿಡಿ. ಪ್ಲೌ ತನ್ನ ಅಲಗಿನ ಹೊರೆಯಲ್ಲಿ ಬಹುಪಾಲನ್ನು ಆ ಜೇಬಿಗೆ ಉದುರಿಸಿ, ನಿಮ್ಮ ಡ್ರೈವ್‌ವೇ ಬಾಯಿಯ ಮುಂದೆ ಹಗುರವಾಗಿ ಹಾದುಹೋಗುತ್ತದೆ.

ಕಾರಿನ ಚಾವಣಿಯ ಹಿಮ ಪೂರ್ತಿ ತೆಗೆಯಿರಿ, ಬ್ರೇಕ್ ಹಾಕಿದಾಗ ಅದು ಮುಂದಿನ ಗಾಜಿನ ಮೇಲೇ ಜಾರುತ್ತದೆ. ಗಾಜಿಗೆ ಬಿಸಿನೀರು ಸುರಿದರೆ ಬಿರುಕು ಬಿಡುತ್ತದೆ. ಮನೆ ಮುಂದೆ ಅಗ್ನಿಶಾಮಕ ಹೈಡ್ರಂಟ್ ಇದ್ದರೆ ಸುತ್ತ ಮೂರಡಿ ಬಿಡಿಸಿ. ಸೈಡ್‌ವಾಕ್ (ಫುಟ್‌ಪಾತ್) ಬಾಚುವುದು ಆಸ್ತಿಯ ಮಾಲೀಕರ ಹೊಣೆ. ಬಾಸ್ಟನ್ನಿನಲ್ಲಿ ಹಿಮ ನಿಂತ 3 ಗಂಟೆಯೊಳಗೆ ಆಗಬೇಕು, ನ್ಯೂಯಾರ್ಕ್ ನಗರದಲ್ಲಿ ಹಗಲು ನಿಂತರೆ 4 ಗಂಟೆಯೊಳಗೆ. ಬಾಡಿಗೆ ಕರಾರಿನಲ್ಲಿ ಆ ಕೆಲಸ ನಿಮ್ಮ ತಲೆಗೆ ಕಟ್ಟಿದ್ದಾರೆಯೇ ಎಂದು ಓದಿ ನೋಡಿ. ಬಾಸ್ಟನ್ನಿನ ಬೀದಿಯಲ್ಲಿ ಬಾಚಿದ ಪಾರ್ಕಿಂಗ್ ಜಾಗದಲ್ಲಿ ಯಾರೋ ಮುರುಕು ಕುರ್ಚಿ ಇಟ್ಟಿದ್ದರೆ ಅದು ಕಸವಲ್ಲ, ಜಾಗ ಹಿಡಿದಿದ್ದಾರೆ. ನಗರ ಘೋಷಿಸುವ ಸ್ನೋ ಎಮರ್ಜೆನ್ಸಿ ಮುಗಿದು 48 ಗಂಟೆಯವರೆಗೆ ನಗರವೂ ಅದನ್ನು ಒಪ್ಪುತ್ತದೆ. ಸರಿಸಿ ಕಾರು ನಿಲ್ಲಿಸುವ ಸಾಹಸ ಬೇಡ.

ಸೂರಿನಂಚಿನ ಮಂಜಿನ ಕೋಲುಗಳ ಕೆಳಗೆ ನಿಲ್ಲಬೇಡಿ. ಬಿದ್ದ ವಿದ್ಯುತ್ ತಂತಿ ಕಂಡರೆ ಕನಿಷ್ಠ 35 ಅಡಿ ದೂರ. ಮಧ್ಯಾಹ್ನದ ಬಿಸಿಲಿಗೆ ಕರಗಿ ಹರಿದ ನೀರು ಸಂಜೆಗೆ ಕಣ್ಣಿಗೆ ಕಾಣದ ಗಾಜಿನ ಪದರವಾಗುತ್ತದೆ. ಉಪ್ಪು ಹಾಕುವ ಹೊತ್ತು ಬೆಳಗ್ಗೆಯಲ್ಲ, ಸೂರ್ಯ ಮುಳುಗುವ ಮೊದಲು. ಮೆಟ್ಟಿಲುಗಳಿಗೆ ಮೊದಲು, ಅದರಲ್ಲೂ ಹಿಡಿದುಕೊಳ್ಳಲು ಕಂಬಿ ಇಲ್ಲದ ಕೊನೆಯ ಮೆಟ್ಟಿಲಿಗೆ.